ಮೇಕೆ ಎತ್ತಿದ ಚಿಲಕ

ಪಶುವೈದ್ಯರ ಜಗಲಿಯಲ್ಲಿ ಅಂದು ಲೋಕದ ಮೇಕೆಗಳೆಲ್ಲ ಸೇರಿದ್ದವು. ಕೋಳಿಬುಟ್ಟಿ ಹಿಡಿದು ಕೂತ ಅಜ್ಜಿಯ ಕಿವಿ ಮಾತ್ರ ಪಕ್ಕದ ಗಂಡಹೆಂಡಿರ ಕಡೆಗಿತ್ತು. ಅವರ ಮೇಕೆಯ ಹೊಟ್ಟೆ ಉಬ್ಬಿ ಡೊಳ್ಳಾಗಿತ್ತು.

"ದೊಡ್ಡಿಯಿಂದ ಹೊರಗೆ ಬಂದು ಬುಟ್ಟಿಗಟ್ಟಲೆ ಕಾಳು ಮುಕ್ಕಿದೆ. ಎಲ್ಲ ನೀನು ಮಾಡಿದ ಚಿಲಕದ ಪ್ರತಾಪ!"

"ಚಿಲಕ ಮುರಿದಿಲ್ಲ ರೀ. ಇವಳೇ ಮೂತೀಲಿ ಎತ್ತಿದ್ದಾಳೆ."

"ಆರು ತಿಂಗಳು ಕಬ್ಬಿಣ ಬಡಿದು ಕಲಿತಿದ್ದು ಇಷ್ಟೇನಾ? ಅಂಗಡೀದು ತರೋಣ ಅಂದೆ, ಕೇಳಿದ್ಯಾ?"

"ಮನುಷ್ಯರ ಕೈ ನೆನೆಸ್ಕೊಂಡು ಮಾಡ್ದೆ, ಮೇಕೆ ಮೂತಿ ಮರೆತೆ. ಮುಂದಿನದಕ್ಕೆ ತುದೀಲಿ ಕೊಕ್ಕೆ ಬಗ್ಗಿಸ್ತೀನಿ."

"ಮುಂದಿನದು ಬೇರೆ! ಇವಳು ಸತ್ರೆ?"

"ಸತ್ರೆ ಕುಲುಮೆ ಮುಚ್ತೀನಿ. ಸುತ್ತಿಗೆ ಬಾವಿಗೆ ಎಸೀತೀನಿ. ಆದ್ರೆ ಸಾಯಲ್ಲ, ನೋಡ್ತಿರಿ."

ಅಜ್ಜಿ ಉಸಿರು ಬಿಗಿಹಿಡಿದಳು. ಬುಟ್ಟಿಯೊಳಗಿನ ಕೋಳಿಯೂ ಹಿಡಿದಿರಬೇಕು.

ವೈದ್ಯರು ಔಷಧಿ ಕುಡಿಸಿ ಹೊಟ್ಟೆ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಮೇಕೆ ಏಳೂರಿಗೆ ಕೇಳುವಂತೆ ತೇಗಿತು.

"ಬದುಕಿತು. ಕರ್ಕೊಂಡು ಹೋಗಿ."

ಮೇಕೆ ಎಲ್ಲರಿಗಿಂತ ಮುಂದೆ ನಡೆದು, ಆಸ್ಪತ್ರೆ ಗೇಟಿನ ಹೊಳೆಯುವ ಚಿಲಕವನ್ನು ಮೂತಿಯಿಂದ ಟಕ್ಕನೆ ಎತ್ತಿತು.

"ರೀ, ಇದು ಅಂಗಡೀದೇ ಅಲ್ವಾ?"

"ಆಯ್ತು ಕಣೆ, ಸೋತೆ. ಕೊಕ್ಕೇದು ಎರಡು ಮಾಡು. ಡಾಕ್ಟ್ರಿಗೂ ಒಂದು ಬೇಕಾಗುತ್ತೆ."

ಗೇಟು ಹಾರುಹೊಡೆದುಕೊಂಡಿತ್ತು. ಮೂವರೂ ಹೊರಟುಹೋದರು, ಮೇಕೆಯೇ ಮುಂದೆ.