ಆ ತ್ಯಾಪಿ ಯಾರದು?

ಅಧ್ಯಕ್ಷರೇ, ಸನ್ಮಾನಿತರಾದ ಡಾಕ್ಟರ್ ಸಾಹೇಬರೇ, ಆಳಂದದ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತ ನನ್ನ ಅವ್ವ ಗಂಗಾಬಾಯಿಯೇ, ಸಭಿಕರೇ,

ನಾನು ಹಿರೋಳ್ಳಿಯ ಶಾಲಾ ಮಾಸ್ತರ ಶಾಂತಲಿಂಗಪ್ಪ. ಮಾಸ್ತರರ ಕೈಗೆ ಮೈಕು ಸಿಕ್ಕರೆ ಊಟ ಆರಿಹೋಗುತ್ತದೆ ಎಂದು ನಿರೂಪಕರು ನಕ್ಕರು. ಹೆದರಬೇಡಿ, ಐದು ನಿಮಿಷ ಸಾಕು. "ಸಾಹೇಬ್ರು ನಿಮ್ಮ ಮಗಳನ್ನ ಉಳಸ್ಯಾರ, ನಾಕು ಛಲೋ ಮಾತ ಆಡ್ರಿ" ಎಂದು ಕರೆದಿರಿ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಬತ್ನಾಲ್ಕರಲ್ಲಿ ಅಮೃತಳಿಗೆ ಒಂಬತ್ತು ವರ್ಷ. ತಲೆಯೊಳಗಿನ ಗಡ್ಡೆಯನ್ನು ಸಾಹೇಬರು ಸೊಲ್ಲಾಪುರದಲ್ಲಿ ತೆಗೆದರು. ಮಿದುಳಿನ ಮೇಲಿನ ಪೊರೆಗೆ ತೂತು ಬಿದ್ದಿತ್ತು. "ಪರದೇಶದ ಪೊರಿ ತರಿಸಿ ತ್ಯಾಪಿ ಹಚ್ಚೇವ್ರಿ" ಎಂದರು. ನನ್ನ ಅವ್ವ ಕೌದಿ ಹೊಲಿಯುವವಳು. ಹಳೆ ಸೀರೆಯ ತುಂಡು ಯಾರದೆಂದು ಕೇಳದೆ ಸೂಜಿ ಹಾಕಿದವಳಲ್ಲ. ರೋಗದಿಂದ ಸತ್ತವರದಾದರೆ ಒಲೆಗೆ ಹಾಕುವಳು. ಅವಳು ಕೇಳಿದಳು, "ಸಾಹೇಬ್ರ, ಆ ತ್ಯಾಪಿ ಯಾರದ್ರಿ?"

ಸಾಹೇಬರು ನಕ್ಕರು. ನರ್ಸಮ್ಮ ನಕ್ಕಳು. ನಾನೂ ನಕ್ಕೆ. "ಸುಮ್ಮ ಕೂಡಬೇ ಅವ್ವ, ಇದೇನು ಕೌದಿ ಅಲ್ಲ" ಅಂದೆ. ನಾನು ಓದಿದವನಲ್ಲವೇ?

ಎಂಟು ವರ್ಷ ಅಮೃತ ಚೆನ್ನಾಗಿದ್ದಳು, ಹತ್ತನೆಯದು ಪಾಸಾದಳು. ಆಮೇಲೆ ಹೆಜ್ಜೆ ತಪ್ಪಿತು, ಕೈ ನಡುಗಿತು. ಒಂದು ದಿನ ಅಜ್ಜಿಯ ಮುಖ ನೋಡಿ, "ನೀ ಯಾರಬೇ?" ಎಂದಳು. ಊರವರು ಗಾಳಿ ಹಿಡಿದಿದೆ ಎಂದರು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಓದಿದ ಈ ಮಾಸ್ತರ ಗಾಳಿ ಬಿಡಿಸಲೆಂದು ಬೇವಿನ ಕೋಲಿನಿಂದ ಮಗಳಿಗೆ ಹೊಡೆಸಿದ. ಐದೇ ತಿಂಗಳು ಬದುಕಿದಳು.

ಕೊನೆಗೆ ಮುಂಬಯಿಯ ಡಾಕ್ಟರರು ತಿಳಿಸಿ ಹೇಳಿದರು. ಆ ಪೊರೆ ಸತ್ತವರ ತಲೆಯಿಂದ ತೆಗೆದದ್ದು. ಆ ಸತ್ತವರಲ್ಲಿ ಯಾರಿಗೋ ಮಿದುಳು ತಿನ್ನುವ ರೋಗವಿತ್ತು. ತೊಳೆದರೂ ಹೋಗದು, ವರ್ಷಗಟ್ಟಲೆ ಒಳಗೇ ಅಡಗಿರುತ್ತದೆ.

ಆಗ ಸಾಹೇಬರಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಾದ ಮೇಲೆ? ಅಮೃತಳ ಪಕ್ಕದ ಮಂಚದಲ್ಲಿ ಶಮ್ಸುನ್ನಿಸಾ ಎಂಬ ಹುಡುಗಿಯಿದ್ದಳು, ಅವಳಿಗೂ ಅದೇ ತ್ಯಾಪಿ. ತಲೆಗೆ ಪಟ್ಟಿ ಕಟ್ಟಿಕೊಂಡು ಇಬ್ಬರೂ ಚೌಕಾಬಾರಾ ಆಡುತ್ತಿದ್ದರು. ಜೇವರ್ಗಿ ಕಡೆಯವಳು, ಊರು ನನಗೆ ಗೊತ್ತಿಲ್ಲ. ಮೂರು ಸಲ ಹೋಗಿ ಸಾಹೇಬರಿಗೆ ಎಲ್ಲ ತಿಳಿಸಿ ಅವಳ ಊರು ಕೇಳಿದೆ. "ರಜಿಸ್ಟರ್‌ನ್ಯಾಗ ಅದ ಮಾಸ್ತರ, ಮಂದೀನ ಯಾಕ ಹೆದರಸ್ತೀರಿ?" ಎಂದರು. ಔಷಧವಿಲ್ಲದ ರೋಗ, ನಿಜ. ಆದರೆ ಅವಳಿಗೂ ಕೈ ನಡುಗಿದರೆ, ಅವಳಪ್ಪನಾದರೂ ಬೇವಿನ ಕೋಲು ಎತ್ತದಿರಲಿ.

ನೀವು ಸಾಹೇಬರಿಗೆ ಶಾಲು ಹೊದಿಸಿದಿರಿ. ನಾನು ಅಮೃತಳ ಕೌದಿ ತಂದಿದ್ದೇನೆ. ಇದರ ಒಂದೊಂದು ತುಂಡೂ ಯಾರದೆಂದು ಅವ್ವ ಇಂದಿಗೂ ಹೇಳಬಲ್ಲಳು. ಆ ತ್ಯಾಪಿ ಹಚ್ಚಿಸಿಕೊಂಡವರ ಹೆಸರನ್ನು ಸಾಹೇಬರು ರಜಿಸ್ಟರಿನಲ್ಲಿ ಹುಡುಕಲಿ. ಮೈಕಿನಲ್ಲಿ ಬೇಡ, ಅವರವರ ಮನೆಗೆ ಹೋಗಿ ಹೇಳಲಿ.

ಅಧ್ಯಕ್ಷರೇ, ತಾವು ಕಳಿಸಿದ ಚೀಟಿ ಓದಿದೆ, ಮುಗಿಸುತ್ತೇನೆ. ಕರೆದವರಿಗೂ ಕೇಳಿದವರಿಗೂ ವಂದನೆಗಳು. ಅವ್ವಾ, ನೀ ಕೇಳಿದ್ದು ಖರೇ ಇತ್ತು. ನಿನ್ನ ಬಾಯಿ ಮುಚ್ಚಿಸಿದಾಂವ ನಾನು. ನಿನಗ ನಮಸ್ಕಾರ.