ಆರಿದ ಆರತಿ

ದೀಪದ ಮಹಿಮೆ ಹೇಳಿ ಎಂದಿರಿ, ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು. ಈ ಕಥೆಯಲ್ಲಿ ಪೆಟ್ಟು ತಿನ್ನುವವರು ನಮ್ಮ ಕಸುಬಿನವರೇ. ಯಾವ ಕಸುಬು? ಮೈಕು ಕೈಗೆ ಸಿಕ್ಕರೆ ಬಿಡದಿರುವ ಕಸುಬು! ಆದ್ದರಿಂದ ಧಾರಾಳವಾಗಿ ನಗಿ, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಯಲುಸೀಮೆಯ ಒಂದು ಪೇಟೆಯಲ್ಲಿ ಸೀತಾಪತಿ ಅವಧಾನಿ ಎಂಬ ಪ್ರವಚನಕಾರರಿದ್ದರು. ಬರಿಯ ದೀಪದ ಮೇಲೆ ಏಳು ದಿನ ಮಾತಾಡಬಲ್ಲವರು. ಹಣತೆ ಎಂದರೆ ದೇಹ, ಎಣ್ಣೆ ಎಂದರೆ ನಮ್ಮ ಆಸೆಗಳು, ಬತ್ತಿ ಎಂದರೆ ಅಹಂಕಾರ, ಜ್ವಾಲೆ ಎಂದರೆ ಜ್ಞಾನ. ಜ್ಞಾನ ಹತ್ತಿಕೊಂಡರೆ ಆಸೆ ಬತ್ತುತ್ತದೆ, ಅಹಂಕಾರ ಸುಡುತ್ತದೆ. ಮಾತೇನೋ ಸರಿಯೇ. ಕರ್ಪೂರದ ಹತ್ತಿರ ಬಂದರಂತೂ ಅವರ ದನಿಯೇ ನಡುಗುತ್ತಿತ್ತು: "ಕರ್ಪೂರ ನೋಡಿ! ಉರಿದು ಏನನ್ನೂ ಉಳಿಸುವುದಿಲ್ಲ!"

ಏನನ್ನೂ ಉಳಿಸುವುದಿಲ್ಲವೇ? ಆರತಿ ತಟ್ಟೆಯ ಮಸಿಯನ್ನು ಹುಣಸೆಹಣ್ಣು ಹಾಕಿ ಉಜ್ಜುವವರನ್ನು ಕೇಳಬೇಕು. ಅವಧಾನಿಗಳು ಕೇಳಿರಲಿಲ್ಲ. ಅವರ ಮನೆಯಲ್ಲಿ ಆ ತಟ್ಟೆ ಉಜ್ಜುತ್ತಿದ್ದವರು ಹೆಂಡತಿ ತುಂಗಮ್ಮ.

ಒಂದು ವರ್ಷದಿಂದ ಮನೆಯ ದೇವರ ಗೂಡಿನ ಮುಂದೆ ಬರೀ ಎಡವಟ್ಟು. ದೀಪಕ್ಕೆ ಹಾಕಿದ ಎಣ್ಣೆ ಮಣೆಯ ಮೇಲೆ ಹರಿಯುತ್ತಿತ್ತು. ಒಂದು ದಿನ ತುಂಗಮ್ಮ ಊದಿನಕಡ್ಡಿಯನ್ನು ತಲೆಕೆಳಗಾಗಿ ಹಿಡಿದು, ಬರಿಗಡ್ಡಿಗೆ ಬೆಂಕಿ ತೋರಿಸುತ್ತ ಕೂತಿದ್ದರು. ಇನ್ನೊಂದು ದಿನ ಕುಂಕುಮದ ಭರಣಿ ಎಂದು ಖಾರದಪುಡಿಯ ಬಟ್ಟಲು ತಂದಿಟ್ಟರು. ಅವಧಾನಿಗಳು ಅವಸರದಲ್ಲಿ ಅದನ್ನೇ ಹಣೆಗೆ ಇಟ್ಟುಕೊಂಡು, ಬೆವರಿನ ಜೊತೆ ಅದು ಇಳಿದು, ಕಣ್ಣೀರು ಸುರಿಸುತ್ತಲೇ ಪ್ರವಚನ ಮುಗಿಸಿದರು. "ಆಹಾ, ಎಂಥ ಭಕ್ತಿ!" ಎಂದರು ಜನ.

ಜನ ಹೊಗಳಿದರೂ ಅವಧಾನಿಗಳ ಸಿಟ್ಟು ಇಳಿಯಲಿಲ್ಲ. "ಏನೇ ಇದು? ದೇವರ ಮುಂದೆ ಕೂತಾಗ್ಲೂ ಮನಸ್ಸು ಎಲ್ಲೋ ಇರತ್ತಲ್ಲ ನಿಂದು? ನಾನು ಊರಿಗೆಲ್ಲ ಏಕಾಗ್ರತೆ ಹೇಳ್ತೀನಿ, ನನ್ನ ಮನೇಲೇ ಹೀಗೆ!"

ತುಂಗಮ್ಮ ಮಣೆಯ ಮೇಲೆ ಚೆಲ್ಲಿದ ಎಣ್ಣೆ ಒರೆಸುತ್ತಿದ್ದರು. ಎಲ್ಲಿ? ಚೆಲ್ಲಿದ ಜಾಗದಿಂದ ಒಂದು ಗೇಣು ಆಚೆ. ನೋಡಿ, ಚೆಲ್ಲಿದ ಎಣ್ಣೆ ಅವಧಾನಿಗಳಿಗೆ ಕಂಡಿತು. ತಡಕಾಡುವ ಕೈ ಕಾಣಲಿಲ್ಲ.

ಕಾರ್ತಿಕ ಬಂತು. ಈಶ್ವರನ ಗುಡಿಯಲ್ಲಿ ಏಳು ದಿನದ ದೀಪಪ್ರವಚನ. ಕೊನೆಯ ಸಂಜೆ ಮಾತು ಮುಗಿಸಿ, ಅರ್ಚಕರ ಕೈಯಿಂದ ಆರತಿ ತಟ್ಟೆಯನ್ನು ಅವಧಾನಿಗಳು ತಾವೇ ತೆಗೆದುಕೊಂಡರು. ಪ್ರವಚನ ಹೇಳಿದವರ ಕೈಯಿಂದಲೇ ಆರತಿ ಸಿಕ್ಕರೆ ಜನಕ್ಕೆ ವಿಶೇಷವಲ್ಲವೇ? ಹಾಗೆ ಅಂದುಕೊಂಡದ್ದು ಜನವಲ್ಲ, ಅವರೇ. ಊರಿನ ಯಜಮಾನರ ಮುಂದೆ ಸ್ವಲ್ಪ ಹೊತ್ತು ನಿಂತರು. ಡಾಕ್ಟರ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತರು. ಹೆಂಗಸರ ಸಾಲಿಗೆ ಬರುವಷ್ಟರಲ್ಲಿ ಕರ್ಪೂರ ಆರಿಹೋಯಿತು. ಇನ್ನೊಂದು ಬಿಲ್ಲೆ ಕೇಳಲು ಅರ್ಚಕರ ಕಡೆ ತಿರುಗಿದರು.

ಅಷ್ಟರಲ್ಲಿ ಕಂಬದ ಪಕ್ಕ ಕೂತಿದ್ದ ತುಂಗಮ್ಮ ಎರಡೂ ಕೈ ಚಾಚಿ, ಕಪ್ಪು ತಟ್ಟೆಯನ್ನೇ ಸವರಿ, ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ರೆಪ್ಪೆಗೆಲ್ಲ ಮಸಿ ಮೆತ್ತಿಕೊಂಡಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಅವಧಾನಿಗಳ ಕಿವಿ ಕೆಂಪಾಯಿತು. ಹಲ್ಲು ಕಚ್ಚಿ ಪಿಸುಗುಟ್ಟಿದರು: "ಎಲ್ಲರ ಮುಂದೆ ತಮಾಷೆ ಮಾಡ್ತೀಯಾ? ಆರಿಹೋಗಿದೆ, ಕಾಣಲ್ವಾ?"

ಪಾಪ, ಕೊರಳ ಬಳಿ ಸಿಕ್ಕಿಸಿದ್ದ ಮೈಕನ್ನು ಮರೆತಿದ್ದರು. ಗುಡಿಯ ನಾಲ್ಕೂ ಮೂಲೆಯ ಸ್ಪೀಕರುಗಳು ಒಟ್ಟಿಗೇ ಕೇಳಿದವು: ಕಾಣಲ್ವಾ?

"ಆರಿತ್ತಾ?" ಎಂದರು ತುಂಗಮ್ಮ. "ಬಿಸಿ ತಾಗ್ತು. ಇದೆ ಅನ್ಕೊಂಡೆ."

"ನಿಂಗೆ... ಕಾಣಲ್ವೇನೇ?" ಈ ಸಲ ದನಿಯೇ ಬೇರೆಯಾಗಿತ್ತು.

"ಹೋದ ವರ್ಷದ ಶ್ರಾವಣದಿಂದ ಮಂಜು ಮಂಜು. ಈಗೀಗ ದೀಪ ಅಂದ್ರೆ ಒಂದು ಹಳದಿ ಮುದ್ದೆ, ಅಷ್ಟೇ."

"ಹೇಳಬಾರದಿತ್ತಾ?"

"ಹೇಳಿದ್ನಲ್ರೀ, ಮೂರು ಸಲ. 'ಒಳಗಣ್ಣು ತೆರೆದವರಿಗೆ ಹೊರಗಣ್ಣಿನ ಚಿಂತೆ ಯಾಕೆ' ಅಂದ್ರಿ ನೀವು. ಆ ಮಾತು ನಿಮಗೇ ಹಿಡಿಸಿಬಿಡ್ತು. ಮಾರನೇ ದಿನ ಪ್ರವಚನದಲ್ಲೂ ಹೇಳಿದ್ರಿ. ಜನ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ."

ಗುಡಿಯಲ್ಲಿ ಯಾರೂ ನಗಲಿಲ್ಲ. ಮುಂದಿನ ಸಾಲಿನ ಡಾಕ್ಟರು ಎದ್ದು ಬಂದು, ಮೊಬೈಲಿನ ಬೆಳಕು ಹಿಡಿದು ನೋಡಿದರು. "ಪೊರೆ ಪೂರ್ತಿ ಬಲಿತುಬಿಟ್ಟಿದೆ ಅವಧಾನಿಗಳೇ. ನಾಳೆನೇ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡಬೇಡಿ."

ಆಪರೇಷನ್ ಆಯಿತು. ಬಲಗಣ್ಣು ಬಂತು. ಎಡಗಣ್ಣು ಬರಲಿಲ್ಲ, ಬಲಿತ ಪೊರೆಯ ಒತ್ತಡಕ್ಕೆ ಅದರ ನರವೇ ಸೊರಗಿಹೋಗಿತ್ತು. "ಆರು ತಿಂಗಳು ಮುಂಚೆ ಬಂದಿದ್ರೆ..." ಎಂದು ಕಣ್ಣಿನ ವೈದ್ಯೆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಬದುಕಿನಲ್ಲಿ ಮೊದಲ ಸಲ ಅವಧಾನಿಗಳು ಒಂದು ಮಾತಿಗೆ ವ್ಯಾಖ್ಯಾನ ಮಾಡಲಿಲ್ಲ.

ಪಟ್ಟಿ ಬಿಚ್ಚಿದಾಗ ತುಂಗಮ್ಮನಿಗೆ ಮೊದಲು ಕಂಡದ್ದು ಗಂಡನೇ. "ಅಯ್ಯೋ, ತಲೆ ಇಷ್ಟೊಂದು ಬೆಳ್ಳಗಾಗಿಬಿಡ್ತಾ? ಈ ಪಂಚೆ ನಾನೇ ಒಗೆದದ್ದಾ? ಇದನ್ನುಟ್ಕೊಂಡು ವೇದಿಕೆ ಮೇಲೆ ಕೂತಿದ್ರಾ?" ಎಂದು ನಕ್ಕರು. ಅವಧಾನಿಗಳು ನಗಲು ಹೋದರು, ಅಳು ಬಂತು. ಆ ಮಾಸಿದ ಪಂಚೆಯ ತುದಿಯಲ್ಲೇ ಮುಖ ಒರೆಸಿಕೊಂಡರು.

ಒಂದು ತಿಂಗಳು ಬೆಂಕಿ, ಹೊಗೆಯ ಹತ್ತಿರ ಹೋಗಬೇಡಿ ಎಂದಿದ್ದರು ವೈದ್ಯೆ. ಮನೆಯ ದೀಪ ಅವಧಾನಿಗಳ ಪಾಲಿಗೆ ಬಂತು. ಏಳು ದಿನ ದೀಪದ ಮೇಲೆ ಮಾತಾಡಿದವರಿಗೆ ಬೆಂಕಿಪೊಟ್ಟಣ ಎಲ್ಲಿದೆ ಎಂಬುದೇ ಗೊತ್ತಿಲ್ಲ! ಬತ್ತಿ ಹೊಸೆದರೆ ಹಗ್ಗದಷ್ಟು ದಪ್ಪವಾಯಿತು. ಬತ್ತಿ ಎಂದರೆ ಅಹಂಕಾರ ಎಂದು ಅವರೇ ಹೇಳಿದ್ದರಲ್ಲ, ಅಳತೆ ಸರಿಯಾಗಿಯೇ ಇತ್ತೆನ್ನಿ.

"ಬೆರಳಿಗೆ ಸ್ವಲ್ಪ ವಿಭೂತಿ ಹಚ್ಕೊಂಡು ಹೊಸೀರಿ, ಜಾರಲ್ಲ," ಎಂದು ಮಂಚದ ಮೇಲಿಂದ ತುಂಗಮ್ಮ ಹೇಳಿಕೊಟ್ಟರು.

ಆರೆಂಟು ಕಡ್ಡಿ ಗೀರಿದ ಮೇಲೆ ದೀಪ ಹತ್ತಿತು. ಆ ಬೆಳಕಿನಲ್ಲಿ ಅವಧಾನಿಗಳು ದೇವರ ಕಡೆಗೆ ನೋಡಲಿಲ್ಲ. ತಿರುಗಿ ಹೆಂಡತಿಯನ್ನು ನೋಡಿದರು. ಆಕೆಯ ಬೆರಳ ತುದಿಗಳಲ್ಲಿ ಒಂದರ ಮೇಲೊಂದು ಸುಟ್ಟ ಕಲೆ.

"ಇವೆಲ್ಲ ಯಾವಾಗ ಆದ್ವು?"

"ಹತ್ತಿದ್ಯೋ ಇಲ್ವೋ ಅಂತ ಬೆರಳಿಂದ್ಲೇ ನೋಡ್ತಿದ್ನಲ್ಲ," ಎಂದರು ತುಂಗಮ್ಮ, ಯಾರದೋ ವಿಷಯ ಹೇಳುವವರ ಹಾಗೆ.

ಈಗ ನಿಮ್ಮ ಸರದಿ. ಇಷ್ಟು ಹೊತ್ತು ನಗುತ್ತಿದ್ದಿರಲ್ಲ, ನಿಮ್ಮ ಮನೆಯಲ್ಲಿ ದೀಪ ಹಚ್ಚುವವರು ಯಾರು? ಅವರ ಕಣ್ಣು ಹೇಗಿದೆ? ಸೊಂಟ ಹೇಗಿದೆ? ಗೊತ್ತೇ?

ಗರ್ಭಗುಡಿಗೆ ಕಿಟಕಿ ಇರುವುದಿಲ್ಲ, ಒಳಗೆ ಕತ್ತಲು. ಅಲ್ಲಿ ಆರತಿ ಎತ್ತುವುದು ಯಾಕೆ? ಪಾದದಿಂದ ಮುಖದವರೆಗೆ ದೇವರು ನಮಗೆ ಕಾಣಲಿ ಎಂದು. ದೇವರಿಗೆ ಬೆಳಕು ಬೇಕಿಲ್ಲ ಸ್ವಾಮಿ, ಕಾಣದವರು ನಾವು! ದೀಪ ಇರುವುದು ನೋಡುವುದಕ್ಕೆ. ನಾವು ಅದನ್ನು ವಿವರಿಸುತ್ತ ಕೂತಿದ್ದೇವೆ.

ಈ ಕಥೆ ಕೇಳಿದ ದಿನ ನಾನೂ ಮನೆಗೆ ಹೋಗಿ, ಬಹಳ ದೊಡ್ಡತನದಿಂದ ಹೆಂಡತಿಯನ್ನು ಕೇಳಿದೆ: "ಕಣ್ಣು ಚೆನ್ನಾಗಿದ್ಯೇನೇ?" ಅವಳೆಂದಳು: "ಕಣ್ಣು ಚೆನ್ನಾಗೇ ಇದೆ. ಮೊಣಕಾಲು ಎರಡು ವರ್ಷದಿಂದ ನೋಯ್ತಿದೆ." ಈ ಪ್ರವಚನಕಾರ ಬಾಯಿ ಮುಚ್ಚಿಕೊಂಡು, ಮೊಣಕಾಲಿನ ಶಾಖಕ್ಕೆ ನೀರು ಕಾಯಿಸಲು ಹೋದ.

ಆದ್ದರಿಂದ ಇವತ್ತಿನಿಂದ ಇಷ್ಟು ಮಾಡಿ. ಸಂಜೆ ದೀಪಕ್ಕೆ ಕೈಮುಗಿದವರು ನೇರ ಟೀವಿಯ ಮುಂದೆ ಹೋಗಿ ಕೂರಬೇಡಿ. ಅದೇ ಬೆಳಕಿನಲ್ಲಿ ಮನೆಯವರ ಮುಖವನ್ನು ಒಂದೊಂದಾಗಿ ನೋಡಿ. ಹೇಗಿದ್ದೀಯ ಎಂದು ಕೇಳಿ. ಎಲ್ಲಾದರೂ ನೋವಿದೆ ಎಂದರೆ, ದಯವಿಟ್ಟು, ನಮ್ಮ ಹಾಗೆ ಶ್ಲೋಕ ಹೇಳಬೇಡಿ. ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಡಿ.