ಉಪ್ಪು ಹಿಡಿಯುವ ಮೊದಲು

ಕಟಪಾಡಿಯ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಹೂಡೆ ಊರಿನ ಜೀಪೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಕಡಲಿನಿಂದ ದೋಣಿಗಳನ್ನು ದಡಕ್ಕೆ ಎಳೆಯುವ ಜೀಪು. ಮೆಕ್ಯಾನಿಕ್ ಅದರ ಯಜಮಾನನಿಗೆ, "ಇಂಜಿನ್ನಿಗೆ ನೀರು ಹೋದ ಮೇಲೆ ಸ್ಟಾರ್ಟ್ ಮಾಡಬಾರದಿತ್ತು ಧನರಾಜ್. ಹಾಗೇ ಕಟ್ಟಿ ಎಳೆದು ತಂದಿದ್ದರೆ ಇಂಜಿನ್ ಉಳಿಯುತ್ತಿತ್ತು. ಈಗ ಒಳಗೆ ರಾಡ್ ಬಗ್ಗಿ ಬ್ಲಾಕೇ ಒಡೆದಿದೆ" ಎಂದು ಹೇಳಿ ಒಳಗೆ ಹೋದ. ಅಷ್ಟರಲ್ಲಿ ಚಹಾಕ್ಕೆ ಹೋಗಿದ್ದ ಮುದುಕರೊಬ್ಬರು ಧನರಾಜನ ಬಳಿಗೆ ಬಂದರು.

"ಎಂತ ಹೇಳಿದ?"

"ಇನ್ನು ಆಗುವುದಿಲ್ಲವಂತೆ ಮಾವ."

"ನೀರು ಹೋಗದ ಹಾಗೆ ನೀನು ಇಂಜಿನ್ ಗಾಳಿ ಎಳೆಯುವ ಪೈಪನ್ನು ಟಾಪಿನವರೆಗೆ ಏರಿಸಿದ್ದೆ, ಅಲ್ವಾ?"

"ಕೆಳಗಿನ ಕ್ಲಿಪ್ ಸಡಿಲ ಇತ್ತು."

"ನಾನು ಸ್ಟಾರ್ಟ್ ಮಾಡಿಸಿದ್ದು ತಪ್ಪಾಯಿತಾ? ದೋಣಿಯ ಇಂಜಿನ್ ಕಡಲಿಗೆ ಬಿದ್ದರೆ ನಾವು ಸಿಹಿನೀರು ಹೊಯ್ದು ಕೂಡಲೇ ಸ್ಟಾರ್ಟ್ ಮಾಡುವುದು. ಇಲ್ಲದಿದ್ದರೆ ಉಪ್ಪು ಹಿಡಿಯುತ್ತದೆ."

"ತಪ್ಪೆಂತ ಇಲ್ಲ ಮಾವ. ಅದು ಮೊದಲೇ ಹೋಗಿತ್ತು."

"ಮೆಕ್ಯಾನಿಕ್ ಹೇಳಿದ್ದಾ?"

"ಹೌದು."

"ನಿನ್ನೆಯಿಂದ ನನಗೆ ಊಟ ಸೇರಲಿಲ್ಲ ಮಾರಾಯ."

"ಬನ್ನಿ, ಬಸ್ಸು ಬರುತ್ತದೆ."

"ನಿಲ್ಲು. ನಮ್ಮೂರಿನ ಲಕ್ಷಿತನ ಜೀಪಿಗೂ ಬೆಳಿಗ್ಗೆ ನೀರು ಹೋಗಿದೆ. ಸ್ಟಾರ್ಟ್ ಮಾಡುವುದಾ ಅಂತ ಕೇಳಿದ್ದ. ನಾನು ಹೆದರಿ ಏನೂ ಹೇಳಿರಲಿಲ್ಲ. ಈಗ ಮಾಡು ಅಂತ ಹೇಳುತ್ತೇನೆ."

"ಮನೆಗೆ ಹೋಗಿ ಹೇಳುವ ಮಾವ."

"ಅಷ್ಟು ಹೊತ್ತಿಗೆ ಉಪ್ಪು ಹಿಡಿಯುತ್ತದೆ."

ಧನರಾಜ್ ಜೀಪಿನ ಬಾನೆಟ್ ಮುಚ್ಚಿದ. ಇಬ್ಬರೂ ರಸ್ತೆ ದಾಟುವಾಗ ಮುದುಕರ ಕಿವಿಯಲ್ಲಿ ಫೋನ್ ಇತ್ತು.